ಮೋಡಿ ಲಿಪಿ ಓದಿಕೊಟ್ಟ ಕಾಕಾ ಅವರಿಗೆ, ಮತ್ತು ನಿಮಗೆಲ್ಲ

ನಮ್ಮ ಮಸೀದಿಗೆ ವಕ್ಫ್ ಆಗಿ, ಅಂದರೆ ಧರ್ಮಕಾರ್ಯಕ್ಕೆ ಅಂತ ಬಿಟ್ಟುಕೊಟ್ಟ ಅಂಗಡಿಗಳ ನೋಂದಣಿಗೆ ಮಂಜೂರಾತಿ ಬಂತು. ಅವುಗಳ ಬಾಡಿಗೆಯಿಂದಲೇ ಈ ವರ್ಷ ಓಣಿಯ ಹೆಣ್ಣುಮಕ್ಕಳ ನರ್ಸಿಂಗ್, ಡಿಪ್ಲೊಮಾ ಫೀ ಕಟ್ಟಿದ್ದೇವೆ. ವಿಜಯಪುರದಲ್ಲಿ ಇರುವವರಿಗೆ ಸುದ್ದಿ ಮುಟ್ಟಿದೆ. ಪುಣೆ, ಹುಬ್ಬಳ್ಳಿ, ದುಬೈಯಲ್ಲಿ ಇರುವವರು ಇನ್ನೂ ಕೇಳುತ್ತಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಕಮಿಟಿಯ ಹಿರಿಯರಿಗೆ, ಲೆಕ್ಕ ನೋಡಿ ತಾವಾಗಿಯೇ ಬಾಡಿಗೆ ಹೆಚ್ಚಿಸಲು ಒಪ್ಪಿದ ಅಂಗಡಿಯವರಿಗೆ, ಝೆರಾಕ್ಸ್ ಅಂಗಡಿಯ ಹುಡುಗರಿಗೆ, ವಕ್ಫ್ ಕಚೇರಿಯ ಸಿಬ್ಬಂದಿಗೆ, ಅಬ್ಬಾ ಆಸ್ಪತ್ರೆಯಲ್ಲಿದ್ದ ವಾರ ನಮ್ಮ ಮನೆಗೆ ಊಟ ಕಳಿಸಿದ ಎಲ್ಲರಿಗೂ ಮನಸಾರೆ ಶುಕ್ರಿಯಾ.

ಇನ್ನು ಕಾಕಾ ಅವರ ವಿಷಯ.

ಅದು ಡಿಸೆಂಬರ್ 2025ರ ಮೊದಲ ವಾರ. ವಕ್ಫ್ ನೋಂದಣಿಗೆ ಕೇಂದ್ರ ಸರ್ಕಾರ ಮಾಡಿದ ಉಮೀದ್ ಪೋರ್ಟಲ್‌ಗೆ ವಕ್ಫ್ ಆಸ್ತಿಯ ವಿವರ ಹಾಕಲು ಕೊಟ್ಟಿದ್ದ 6 ತಿಂಗಳು ಮುಗಿಯುತ್ತಾ ಬಂದಿತ್ತು. ಮುತವಲ್ಲಿಯಾಗಿದ್ದ, ಅಂದರೆ ವಕ್ಫ್ ನೋಡಿಕೊಳ್ಳುತ್ತಿದ್ದ ಅಬ್ಬಾ ಆಸ್ಪತ್ರೆಯಲ್ಲಿದ್ದರು. ಆ ಕತೆ ನಿಮಗೆ ಗೊತ್ತೇ ಇದೆ. ನಮ್ಮ ವಕ್ಫ್‌ನಾಮಾ (ದಾನಪತ್ರ) 1956ಕ್ಕಿಂತ ಹಿಂದಿನದು, ಬಿಜಾಪುರ ಇನ್ನೂ ಮುಂಬಯಿ ಕಡೆಗಿದ್ದ ಕಾಲದ್ದು. ನಮ್ಮ ಭಾಗದ ಎಷ್ಟೋ ಹಳೆ ಕಾಗದಗಳ ಹಾಗೆ ಅದೂ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದೆ. ಅದರಲ್ಲಿ ಏನಿದೆ ಅಂತ ಅಬ್ಬಾ ಅವರಿಗೆ ಬಾಯಿಪಾಠ. ಆದರೆ ಅವರು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅದರಲ್ಲಿನ ಚಕ್ಕುಬಂದಿಯನ್ನು (ನಾಲ್ಕು ಕಡೆಯ ಗಡಿ) ಸಿಟಿಎಸ್ ಉತಾರಕ್ಕೆ (ನಗರ ಸರ್ವೆಯ ದಾಖಲೆ) ಹೊಂದಿಸಿ ತುಂಬಬೇಕಿತ್ತು. ನನಗೋ ಮೋಡಿಯ ಒಂದಕ್ಷರವೂ ಬರುವುದಿಲ್ಲ.

ಕಾಕಾ ನಿವೃತ್ತ ತಲಾಠಿ (ಗ್ರಾಮ ಲೆಕ್ಕಿಗ), ಅಬ್ಬಾ ಅವರ ಹಳೆಯ ಗೆಳೆಯರು. ರಾತ್ರಿ ಊಟ ಮುಗಿಸಿ ಆಸ್ಪತ್ರೆಗೆ ಮಾತಾಡಿಸಲು ಬಂದವರು ನನ್ನ ಕೈಲಿದ್ದ ಫೈಲ್ ನೋಡಿದರು. 'ತಾ ಇಲ್ಲಿ' ಅಂದರು. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು, ಭೂತಗನ್ನಡಿ ಹಿಡಿದು, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ಮೂಡಲಕ್ಕೆ ರಸ್ತೆ, ಪಡುವಲಕ್ಕೆ ಗಾಣಿಗರ ಮನೆ. ಆ ಮನೆ ಈಗ ಯಾವ ಕಟ್ಟಡ ಅಂತಲೂ ಅವರಿಗೆ ಗೊತ್ತಿತ್ತು. ನಾನು ಟೈಪ್ ಮಾಡುತ್ತಾ ಹೋದೆ. ಓಟಿಪಿ ಬರುತ್ತಿದ್ದದ್ದು ಅಬ್ಬಾ ಅವರ ಮೊಬೈಲಿಗೆ. ಅವರು ಒಳಗೆ, ಮೊಬೈಲ್ ನನ್ನ ಕೈಯಲ್ಲಿ. ಒಂದು ಸಲ ಓಟಿಪಿ ಬಂದಾಗ ನನ್ನಿಂದ ತಡೆಯಲಾಗಲಿಲ್ಲ, ಜೋರಾಗಿ ಅತ್ತುಬಿಟ್ಟೆ. ಕಾಕಾ ಏನೂ ಅನ್ನಲಿಲ್ಲ. ನೀರು ತಂದುಕೊಟ್ಟರು. ನಾನು ಮತ್ತೆ ಕೀಬೋರ್ಡ್ ಮುಟ್ಟುವವರೆಗೂ ಸುಮ್ನೆ ಕೂತಿದ್ದರು. ಬೆಳಗಿನ ಅಜಾನ್ ಹೊತ್ತಿಗೆ ಎಲ್ಲ ತುಂಬಿ ಮುಗಿಯಿತು.

ಆ ಓದಿನಲ್ಲಿ ಸಿಕ್ಕಿದ್ದು ಚಕ್ಕುಬಂದಿ ಮಾತ್ರ ಅಲ್ಲ. ಅಂಗಡಿಗಳ ಹುಟ್ಟುವಳಿ ಮಸೀದಿಯ ದೀಪಕ್ಕೆ, ದುರಸ್ತಿಗೆ, ಉಳಿದದ್ದು 'ಬಡ ಮಕ್ಕಳ ಓದಿಗೆ' ಅಂತ ಅದರಲ್ಲಿ ಬರೆದಿತ್ತು. ಹುಡುಗರು ಅಂತಲ್ಲ, ಮಕ್ಕಳು. ಮಸೀದಿಯ ದುಡ್ಡಲ್ಲಿ ಕಾಲೇಜ್ ಫೀ ಕಟ್ಟಬಹುದಾ ಅಂತ ಕಮಿಟಿಯಲ್ಲಿ ತಿಂಗಳುಗಟ್ಟಲೆ ನಡೆದಿದ್ದ ಚರ್ಚೆ ಅಲ್ಲಿಗೆ ನಿಂತಿತು. ವಕ್ಫ್‌ನಲ್ಲಿ ಅಸಲು ಹಾಗೇ ಉಳಿಯಬೇಕು, ಅದರ ಫಲ ಮಾತ್ರ ಖರ್ಚಾಗಬೇಕು, ಅದೂ ಕೊಟ್ಟವರು ಹೇಳಿದ ಕಾರಣಕ್ಕೇ.

ಫೀಗೆ ಜಕಾತ್ (ಕಡ್ಡಾಯ ದಾನ) ಸಾಲದಾ ಅಂತ ಕೆಲವರು ಕೇಳಿದ್ದಿರಿ. ಜಕಾತ್ ದೊಡ್ಡದೇ. ನಿಸಾಬ್, ಅಂದರೆ ಗೊತ್ತುಪಡಿಸಿದ ಕನಿಷ್ಠ ಮಿತಿ, ಮೀರಿದ ಸಂಪತ್ತು ಒಂದು ಚಾಂದ್ರಮಾನ ವರ್ಷ ಉಳಿದರೆ ಅದರಲ್ಲಿ ಶೇ 2.5 ಕೊಡಬೇಕು. ಅದು ಕುರಾನ್ ಹೇಳಿದ 8 ಬಗೆಯ ಹಕ್ಕುದಾರರಿಗೆ ಮಾತ್ರ. ನಮ್ಮಲ್ಲಿ ರಂಜಾನಿನಲ್ಲಿ ಬರುತ್ತದೆ, ಬಂದ ಹಾಗೆ ಬಡವರ ಕೈಸೇರುತ್ತದೆ. ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ. ಮೂರು ವರ್ಷದ ಕೋರ್ಸಿಗೆ ಸೇರಿದ ಹುಡುಗಿಗೆ ಎರಡನೇ ವರ್ಷ 'ಈ ಸಲ ಇಲ್ಲಮ್ಮ' ಅನ್ನಲಾಗದು, ಅಲ್ವಾ? ಬಾಡಿಗೆ ತಿಂಗಳು ತಿಂಗಳು ಬರುತ್ತದೆ. ಅದಕ್ಕೇ ಎರಡಕ್ಕೂ ಬೇರೆ ಬೇರೆ ಖಾತೆ ಇಟ್ಟಿದ್ದೇವೆ.

ಇನ್ನೊಂದು ಮಾತು ಹೇಳಲೇಬೇಕು. 2024ರ ಕೊನೆಯಲ್ಲಿ ನಮ್ಮ ಜಿಲ್ಲೆಯಲ್ಲಿ ವಕ್ಫ್ ಅಂದರೆ ಸಾಕು, ಜಗಳ. ಹೊಲಗಳಿಗೆ ನೋಟಿಸ್ ಹೋದವು, ರೈತರು ಧರಣಿ ಕೂತರು, ಸರ್ಕಾರ ನೋಟಿಸ್ ವಾಪಸ್ ಪಡೆಯಲು ಹೇಳಿತು. ರೈತರ ಭಯ ಸುಳ್ಳಾಗಿರಲಿಲ್ಲ. ಕಾಗದ ಸ್ಪಷ್ಟವಾಗಿಲ್ಲದಿದ್ದರೆ ಎರಡೂ ಕಡೆಯ ಬಡವರಿಗೇ ಪೆಟ್ಟು. ನಮ್ಮ ಕಾಗದ ಓದಿದ ಮೇಲೆ ಕಾಕಾ ಅವರನ್ನು ಅವರ ಮಂದಿಯೇ ಕೇಳಿದರಂತೆ, 'ನಿಮಗ್ಯಾಕ ಬೇಕಿತ್ತು?' ಅಂತ. 'ಓದಾಕ ಬರತೈತಿ, ಓದಿಕೊಟ್ಟೆ' ಅಂದರಂತೆ. ಇದನ್ನು ಅವರು ನನಗೆ ಹೇಳಲೇ ಇಲ್ಲ. ಅವರ ಹೆಂಡತಿ, ಕಾಕೂ ಹೇಳಿದರು.

ಮಂಜೂರಾತಿ ಬರುವಷ್ಟರಲ್ಲಿ ಅಬ್ಬಾ ಇರಲಿಲ್ಲ. ಫೀ ರಸೀದಿ ನೋಡಿ ಎಷ್ಟು ಖುಷಿಪಡುತ್ತಿದ್ದರು! ಮಯ್ಯತ್ತಿನ (ಅಂತ್ಯಕ್ರಿಯೆಯ) ದಿನವೂ ಕಬರಸ್ತಾನದ ಗೇಟಿನ ಹತ್ತಿರ ಕಾಕಾ ಕೊನೆಯವರೆಗೂ ನಿಂತಿದ್ದರು. ಕಾಕಾ, ನಿಮಗೆ ಎದುರಿಗೆ ಹೇಳಿದರೆ 'ಇರಲಿ ಬಿಡವ್ವಾ' ಅನ್ನುತ್ತೀರಿ. ಆದ್ದರಿಂದ ಇಲ್ಲಿ, ಎಲ್ಲರ ಮುಂದೆ ಹೇಳುತ್ತಿದ್ದೇನೆ. ಆ ರಾತ್ರಿ ನೀವು ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

ಬಾಡಿಗೆ ಎಷ್ಟು ಬಂತು, ದುರಸ್ತಿಗೆ ಎಷ್ಟು, ವಕ್ಫ್ ಬೋರ್ಡಿನ ವಂತಿಗೆ ಎಷ್ಟು, ಫೀಗೆ ಎಷ್ಟು ಅಂತ ಪೂರ್ತಿ ಲೆಕ್ಕ ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಹಚ್ಚಿದ್ದೇವೆ. ಹುಡುಗಿಯರ ಹೆಸರು ಹಾಕಿಲ್ಲ, ಹಾಕುವುದೂ ಇಲ್ಲ. ರಸೀದಿ ನೋಡಬೇಕು ಅನ್ನುವವರು ಜುಮ್ಮಾ ನಮಾಜಿನ ನಂತರ ಬನ್ನಿ, ಫೈಲ್ ತೆಗೆದಿಟ್ಟಿರುತ್ತೇನೆ. ಮುಂದಿನ ವರ್ಷದ ಅರ್ಜಿಯೂ ಅಲ್ಲೇ ಸಿಗುತ್ತದೆ.