ಬೋರಲು ಮಲಗಿ ಕೇಳಿದ ಪೀಕಿಂಗ್

ಕಳೆದ ಸೋಮವಾರ ಪುಸ್ತಕದ ಕೊನೆಯ ಪ್ರೂಫ್ ಪ್ರೆಸ್ಸಿಗೆ ಹೋಯಿತು. 1971–72ರಲ್ಲಿ ಅಮೆರಿಕ ಇದ್ದಕ್ಕಿದ್ದ ಹಾಗೆ ಚೀನಾದ ಕಡೆ ತಿರುಗಿದ ಕಥೆ, ಕನ್ನಡದಲ್ಲಿ. ಎರಡು ವರ್ಷದ ಕೆಲಸ ಅಂದುಕೊಂಡಿದ್ದೆ, ನಾಲ್ಕಾಯಿತು. ನಡುವೆ ಕಣ್ಣು ಕೈಕೊಟ್ಟಿತು. ಪುಸ್ತಕದಲ್ಲಿ ಕೃತಜ್ಞತೆಗೆ ಅರ್ಧ ಪುಟ ಮಾತ್ರ ಸಿಕ್ಕಿದೆ. ಅದು ಯಾವ ಮೂಲೆಗೂ ಸಾಲದು.

ಮೊದಲು ಪಕ್ಕದ ಮನೆಯ ಹುಡುಗಿ. ಎರಡನೇ ವರ್ಷ ನನ್ನ ಎಡಗಣ್ಣಿನ ರೆಟಿನಾ ಕಳಚಿಕೊಂಡಿತು. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಅದು ರೆಟಿನಾವನ್ನು ಒತ್ತಿ ಹಿಡಿಯಬೇಕು, ಅದಕ್ಕೆ ಹತ್ತು ದಿನ ಬೋರಲು ಮಲಗಿ ಅಂದರು. ಹಣೆಯನ್ನು ಮಂಚದ ಅಂಚಿಗೆ ಕೊಟ್ಟು, ನೆಲದ ರೆಡ್ ಆಕ್ಸೈಡ್ ನೋಡುತ್ತಾ ಮಲಗಿದ್ದೆ. ಬಿ.ಎ. ಓದುತ್ತಿದ್ದ ಈ ಹುಡುಗಿ ಕಾಲೇಜಿನಿಂದ ಬಂದವಳೇ ನೆಲದ ಮೇಲೆ ಕೂತು ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಮತ್ತು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಮಾತುಕತೆಯ ದಾಖಲೆಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಕಿಸಿಂಜರ್‌ಗೆ ದಪ್ಪ ದನಿ, ಚೌಗೆ ಮೆಲ್ಲನೆಯ ದನಿ. ಚೀನಾವನ್ನು ಕಿಸಿಂಜರ್ ನಿಗೂಢ ದೇಶ ಅಂದಾಗ, ಪರಿಚಯವಾದರೆ ಅಷ್ಟೇನೂ ನಿಗೂಢ ಅನ್ನಿಸುವುದಿಲ್ಲ ಎಂಬರ್ಥದ ಉತ್ತರ ಕೊಟ್ಟವರು ಚೌ. ಅಲ್ಲಿ ಅವಳ ಮೆಲ್ಲನೆಯ ದನಿ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ, ಆ ಅಧ್ಯಾಯ ಬರೆಯುವಾಗ ನನಗೆ ಕೇಳಿಸುತ್ತಿದ್ದದ್ದು ಅವಳೇ.

1971ರ ಜುಲೈನಲ್ಲಿ ಕಿಸಿಂಜರ್ ಪಾಕಿಸ್ತಾನದಲ್ಲಿದ್ದರು. ಹೊಟ್ಟೆನೋವು, ನಥಿಯಾಗಲಿ ಬೆಟ್ಟದಲ್ಲಿ ವಿಶ್ರಾಂತಿ ಎಂದು ಸುದ್ದಿ ಹಬ್ಬಿಸಿ, ಬೆಳಗಿನ ಜಾವ ವಿಮಾನ ಹತ್ತಿ ಪೀಕಿಂಗಿಗೆ (ಈಗಿನ ಬೀಜಿಂಗ್) ಹೋದರು. ‘ಸ್ಕೂಲಿಗೆ ಚಕ್ಕರ್ ಹೊಡೆಯೋಕೆ ನಾನೂ ಇದನ್ನೇ ಹೇಳ್ತಿದ್ದೆ’ ಅಂದಳು ಹುಡುಗಿ. ಈ ಗುಟ್ಟಿನ ಗಡಿಬಿಡಿಯಲ್ಲಿ ಕಿಸಿಂಜರ್ ಬದಲಿ ಶರ್ಟು ಮರೆತರು. ಜೊತೆಗಿದ್ದ, ತನಗಿಂತ ತುಂಬಾ ಎತ್ತರದ ಹೋಲ್ಡ್ರಿಜ್ ಅವರ ಶರ್ಟು ತೊಡಬೇಕಾಯಿತು. ಅದರ ಮೇಲೆ ‘ತೈವಾನ್‌ನಲ್ಲಿ ತಯಾರಾದದ್ದು’ ಎಂಬ ಚೀಟಿ, ಚೀನಾ ತನ್ನದೇ ಅನ್ನುವ ಅದೇ ತೈವಾನ್! ಇಲ್ಲಿ ನಾನು ನಕ್ಕು ತಲೆ ಎತ್ತಿಬಿಟ್ಟೆ. ಹೆಂಡತಿ ಇಬ್ಬರಿಗೂ ಸರಿಯಾಗಿ ಬೈದಳು. ಹುಡುಗಿ ಈಗ ಧಾರವಾಡದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ನಿನ್ನ ದನಿಗೆ ಕೊಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ ಮಗಳೇ.

ಅಮ್ಮನಿಗೆ ಬೇರೆಯೇ ಋಣ. ಮೂರನೇ ಅಧ್ಯಾಯ ಎಷ್ಟು ಸಲ ಬರೆದರೂ ಕಗ್ಗಂಟಾಗಿಯೇ ಇತ್ತು. ಕಮ್ಯುನಿಸಂ ಬೈದೇ ಬೆಳೆದ ನಿಕ್ಸನ್ ಚೀನಾದ ಕಮ್ಯುನಿಸ್ಟ್ ನಾಯಕ ಮಾವೋ ಮನೆಗೆ ಯಾಕೆ ಹೋದರು? 1969ರ ಮಾರ್ಚಿನಲ್ಲಿ ಉಸ್ಸೂರಿ ನದಿಯ ದ್ವೀಪವೊಂದಕ್ಕಾಗಿ ಚೀನಾ, ಸೋವಿಯತ್ ಸೈನಿಕರು ಗುಂಡು ಹಾರಿಸಿಕೊಂಡಿದ್ದರು. ಅಮೆರಿಕಕ್ಕೆ ವಿಯೆಟ್ನಾಂನಿಂದ ಹೊರಬರುವ ದಾರಿ ಬೇಕಿತ್ತು. ಇದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದೆ. ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆಯನ್ನೂ ಎತ್ತದೆ ಅಂದರು: ‘ಮೂವರು ವಾರಗಿತ್ತಿಯರಲ್ಲಿ ಇಬ್ಬರಿಗೆ ಮಾತಿಲ್ಲ ಅಂದ್ರೆ ಮೂರನೆಯವಳದ್ದೇ ಮನೆ.’ ಮುಗಿಯಿತು! ನಿಕ್ಸನ್ 1972ರ ಫೆಬ್ರವರಿಯಲ್ಲಿ ಪೀಕಿಂಗ್‌ನಲ್ಲಿ ಕೈಕುಲುಕಿ, ಮೇ ತಿಂಗಳಲ್ಲಿ ಮಾಸ್ಕೋಗೆ ಹೋಗಿ ಕ್ಷಿಪಣಿಗಳಿಗೆ ಮಿತಿ ಹಾಕುವ ಒಪ್ಪಂದಕ್ಕೆ ಸಹಿ ಮಾಡಿದರು. ಒಬ್ಬರ ಜೊತೆ ಮಾತಾಡಿದ್ದು ಇನ್ನೊಬ್ಬರ ಕಿವಿಗೆ ಬೀಳಲಿ ಅಂತಲೇ. ನಾನು ಹನ್ನೊಂದು ಪುಟ ಹರಿದು ಹಾಕಿ ಅಮ್ಮನ ಸಾಲಿನಿಂದ ಮತ್ತೆ ಶುರು ಮಾಡಿದೆ.

ನಮ್ಮ ಬೀದಿಯ ನಿವೃತ್ತ ಪೋಸ್ಟ್‌ಮ್ಯಾನ್‌ಗೂ ನಮಸ್ಕಾರ. ನಿಕ್ಸನ್ ಭೇಟಿಯ ಕೊನೆಗೆ ಎರಡೂ ದೇಶ ಹೊರಡಿಸಿದ ಶಾಂಘೈ ಜಂಟಿ ಹೇಳಿಕೆಯ ಒಂದು ಪದ ನನ್ನನ್ನು ತಿಂಗಳುಗಟ್ಟಲೆ ಕಾಡಿತ್ತು. ತೈವಾನ್ ಜಲಸಂಧಿಯ ಎರಡೂ ದಡದ ಚೀನೀಯರು ಚೀನಾ ಒಂದೇ, ತೈವಾನ್ ಅದರ ಭಾಗ ಅನ್ನುತ್ತಾರೆ. ಅದನ್ನು ಅಮೆರಿಕ ‘ಅಕ್ನಾಲೆಜ್’ ಮಾಡುತ್ತದೆ, ಪ್ರಶ್ನಿಸುವುದಿಲ್ಲ. ‘ಒಪ್ಪುತ್ತದೆ’ ಅಂತ ಬರೆದರೆ ಸುಳ್ಳಾಗುತ್ತದೆ. ‘ಗಮನಿಸುತ್ತದೆ’ ತೀರಾ ಸಪ್ಪೆ. ಪೋಸ್ಟ್‌ಮ್ಯಾನ್ ಹೇಳಿದರು: ‘ರಿಜಿಸ್ಟರ್ ಪೋಸ್ಟಿನ ಅಕ್ನಾಲೆಜ್‌ಮೆಂಟ್ ಕಾರ್ಡಿಗೆ ಸಹಿ ಹಾಕಿದ್ರೆ ಕಾಗದ ಮುಟ್ಟಿದೆ ಅಂತ ಅಷ್ಟೇ ಸ್ವಾಮಿ. ಒಳಗಿರೋ ನೋಟಿಸ್ ಒಪ್ಕೊಂಡ ಹಾಗಲ್ಲ.’ ಕೊನೆಗೆ ‘ಬಲ್ಲದು’ ಅಂತ ಹಾಕಿದ್ದೇನೆ. ಚೀನೀಯರು ಹೀಗೆನ್ನುತ್ತಾರೆ ಎಂಬುದನ್ನು ಅಮೆರಿಕ ಬಲ್ಲದು. ತಮಾಷೆ ಅಂದರೆ, ಎರಡೂ ದೇಶಗಳ 1979ರ ಜಂಟಿ ಹೇಳಿಕೆಯಲ್ಲೂ ಇಂಗ್ಲಿಷ್ ಪದ ಅದೇ ಇದೆ, ಚೀನೀ ಪ್ರತಿಯಲ್ಲಿ ಮಾತ್ರ ‘ಚೆಂಗ್‌ರೆನ್’ ಎಂಬ ಜಾಸ್ತಿ ಗಟ್ಟಿಯಾದ ಪದ ಬಂದು ಕೂತಿದೆ. ಕಾರ್ಡಿಗೆ ಸಹಿ ಹಾಕಿದವರನ್ನೇ ನೋಟಿಸ್ ಒಪ್ಪಿದವರು ಅಂದ ಹಾಗೆ.

ಇನ್ನೊಬ್ಬರಿಗೆ ಹೇಳುವುದು ಕಷ್ಟ. ಕೊಡಗಿನ ನಿವೃತ್ತ ಹವಾಲ್ದಾರರು. 1971ರಲ್ಲಿ ಅಗರ್ತಲಾ ಕಡೆ ಸೇನೆಯ ಲಾರಿ ಓಡಿಸಿದವರು. ಕರಡು ಓದಿ ಕೇಳಿದರು: ‘ನಿರಾಶ್ರಿತರ ಬಗ್ಗೆ ಎರಡೇ ಸಾಲಾ?’ ಸುಮ್ನೆ ಕೂತೆ. ಅಮೆರಿಕದಿಂದ ಚೀನಾಕ್ಕೆ ಗುಟ್ಟಿನ ಸಂದೇಶ ಒಯ್ಯುತ್ತಿದ್ದವರು ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್. ಅವರ ಸೇನೆ ಪೂರ್ವ ಪಾಕಿಸ್ತಾನದಲ್ಲಿ (ಈಗಿನ ಬಾಂಗ್ಲಾದೇಶ) ಜನರನ್ನು ಕೊಲ್ಲುತ್ತಿದೆ ಎಂದು ಢಾಕಾದ ಅಮೆರಿಕನ್ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ತಂತಿ ಮೇಲೆ ತಂತಿ ಕಳಿಸಿದ್ದರು. ಏಪ್ರಿಲ್ 28ರ ಟಿಪ್ಪಣಿಯೊಂದರ ಮೇಲೆ ನಿಕ್ಸನ್ ಕೈಯಲ್ಲೇ ಬರೆದರು: ಸದ್ಯ ಯಾಹ್ಯಾಗೆ ಒತ್ತಡ ಹಾಕಬೇಡಿ. ‘ಬೇಡ’ ಎಂಬುದಕ್ಕೆ ಮೂರು ಗೆರೆ. ಗಡಿ ದಾಟಿ ಭಾರತಕ್ಕೆ ಬಂದವರು ಸುಮಾರು 1 ಕೋಟಿ. ಇದೆಲ್ಲ ನನಗೆ ಗೊತ್ತಿತ್ತು, ಚೌ ಮತ್ತು ಕಿಸಿಂಜರ್ ಮಾತಿನ ಚಂದದಲ್ಲಿ ಮರೆತಿದ್ದೆ. ಮಳೆಯಲ್ಲಿ ನಿಂತ ಲಾರಿಯ ಹಿಂಬಾಗಿಲು ತೆಗೆದರೆ ಜನ ಇಳಿಯಲು ಜಾಗವೇ ಇರುತ್ತಿರಲಿಲ್ಲ, ಕೆಳಗೂ ಅಷ್ಟೇ ಜನ ಅಂದರು ಹವಾಲ್ದಾರರು. ಈಗ ಅದಕ್ಕೊಂದು ಪೂರ್ತಿ ಅಧ್ಯಾಯವಿದೆ. ಪುಸ್ತಕದಲ್ಲಿ ನನಗೆ ನಂಬಿಕೆ ಇರುವ ಅಧ್ಯಾಯವೂ ಅದೇ.

ಮೊದಲು ಒಪ್ಪಿಕೊಂಡಿದ್ದ ಪ್ರಕಾಶಕರು ಹದಿನಾಲ್ಕು ತಿಂಗಳು ಇಟ್ಟುಕೊಂಡು, ಚೀನಾ ಕನ್ನಡದಲ್ಲಿ ಯಾರಿಗೆ ಬೇಕು ಅಂತ ವಾಪಸ್ ಕೊಟ್ಟರು. ಅವರಿಗೂ ಥ್ಯಾಂಕ್ಸ್, ಆ ಹೊತ್ತಿನಲ್ಲೇ ಹವಾಲ್ದಾರರು ಸಿಕ್ಕಿದ್ದು.

ಒಂದು ಬಾಕಿ ಇದೆ. ವಾರಗಿತ್ತಿಯ ಸಾಲು ತೆಗೆದುಬಿಡು, ನಿನ್ನ ಚಿಕ್ಕಮ್ಮ ಓದಿದರೆ ಅಂತ ಅಮ್ಮ ಹಟ ಹಿಡಿದಿದ್ದಾರೆ. ಸಾಲು ಹಾಗೇ ಇದೆ, ಹೇಳಿದವರ ಹೆಸರು ಮಾತ್ರ ತೆಗೆದಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಚಿಕ್ಕಮ್ಮ ಫೋನಿನಲ್ಲಿ ಇಂಥದ್ದೆಲ್ಲ ಓದುವುದಿಲ್ಲ ಎಂಬ ಧೈರ್ಯದಲ್ಲಿದ್ದೇನೆ.