ಕ್ಯೋಟೋಗೆ ಎರಡು ದಿನ ಸಾಕು, ಪುಟ್ಟಿ

ಮೈಸೂರು
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ ಮಾಮನ ಆಶೀರ್ವಾದಗಳು.

ನೀನು ಕಳಿಸಿದ ಜಪಾನ್ ಪಟ್ಟಿ ನೋಡಿದೆ. ಒಂಬತ್ತು ದಿನ, ಐದು ಊರು. ಟೋಕಿಯೋ, ಫ್ಯೂಜಿ, ಕ್ಯೋಟೋ, ನಾರಾ, ಒಸಾಕಾ. ಎಲ್ಲರ ಪಟ್ಟಿಯೂ ಇದೇ ಅಲ್ವಾ? 2024ರಲ್ಲಿ ಜಪಾನಿಗೆ ಹೋದ ವಿದೇಶಿಯರು ಸುಮಾರು 3.69 ಕೋಟಿ. ಅದೇ ವರ್ಷ ಕ್ಯೋಟೋದ ಗಿಯೋನ್ ಅನ್ನೋ ಹಳೆಯ ಬಡಾವಣೆಯವರು ಫೋಟೋದವರ ಕಾಟ ತಾಳಲಾರದೆ, ಖಾಸಗಿ ಓಣಿಗಳಿಗೆ ಕಾಲಿಟ್ಟರೆ 10,000 ಯೆನ್ ದಂಡ ಅಂತ ಬೋರ್ಡು ಹಾಕಿದರು. ಫ್ಯೂಜಿ ಚೆನ್ನಾಗಿ ಕಾಣುವ ಒಂದು ಅಂಗಡಿಯ ಎದುರು ಕಪ್ಪು ಪರದೆಯನ್ನೇ ಕಟ್ಟಿದ್ದರು.

"ಜನ ಕಡಿಮೆ ಇರುವ ಐದು ಜಾಗ ಹೇಳು ಮಾಮ" ಅಂತ ಬರೆದಿದ್ದೀಯ. ಐದು ಹೇಳುವುದಿಲ್ಲ. ಐದು ಊರು ತೆಗೆದು ಬೇರೆ ಐದು ಸೇರಿಸಿದರೆ ಓಡಾಟ ಅಷ್ಟೇ ಉಳಿಯುತ್ತದೆ. ಒಂದೇ ಹೇಳುತ್ತೇನೆ: ಶಿಕೊಕು. ಕ್ಯೋಟೋ ಎರಡು ದಿನ ನೋಡು, ಬರುವಾಗ ಹೋಗುವಾಗ ಒಸಾಕಾದಲ್ಲಿ ಒಂದೊಂದು ರಾತ್ರಿ ಇರು, ಉಳಿದಿದ್ದೆಲ್ಲ ಈ ದ್ವೀಪಕ್ಕೆ ಕೊಡು.

ನಾನು ಎರಡು ವರ್ಷ ಒಕಯಾಮಾದಲ್ಲಿ ಇದ್ದೆನಲ್ಲ, ಶಿಕೊಕು ಅಲ್ಲಿಂದ ಸೇತುವೆಯಾಚೆ. 1988ರಲ್ಲಿ ಸಮುದ್ರದ ಮೇಲೆ ಸೇತುವೆ ಆಯಿತು. ಮೇಲೆ ಕಾರು, ಕೆಳಗೆ ರೈಲು. ಕಿಟಕಿ ಪಕ್ಕ ಕೂತರೆ ಕಾಲಡಿಯಲ್ಲಿ ಪುಟ್ಟ ಪುಟ್ಟ ದ್ವೀಪಗಳು ಹಾದು ಹೋಗುತ್ತವೆ. ಶಿಕೊಕುವಿಗೆ ಇವತ್ತಿಗೂ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಇಲ್ಲ. ಜನ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ.

ಕ್ಯೋಟೋದಿಂದ ಒಕಯಾಮಾಕ್ಕೆ ಶಿಂಕಾನ್ಸೆನ್‌ನಲ್ಲಿ ಒಂದು ಗಂಟೆ. ಅಲ್ಲಿ ನಾನ್‌ಪೂ ಅನ್ನೋ ರೈಲು ಹತ್ತು, ಸುಮಾರು ಎರಡು ಗಂಟೆಯ ಪ್ರಯಾಣದಲ್ಲಿ ಓಬೋಕೆ ಸ್ಟೇಷನ್. ಅಲ್ಲಿಂದ ಬಸ್ಸಿನಲ್ಲಿ ಇಯಾ ಕಣಿವೆ. 1185ರಲ್ಲಿ ಯುದ್ಧ ಸೋತ ಹೇಕೆ ವಂಶದವರು ಈ ಕಣಿವೆಗೆ ಬಂದು ಅಡಗಿಕೊಂಡರಂತೆ. ಶತ್ರು ಬಂದರೆ ಥಟ್ಟನೆ ಕತ್ತರಿಸಿಹಾಕಲಿ ಅಂತ ಕಾಡುಬಳ್ಳಿಯಲ್ಲಿ ಸೇತುವೆ ಹೆಣೆದರು ಅಂತ ಕಥೆ. ಈಗಿನ ಬಳ್ಳಿಸೇತುವೆ 45 ಮೀಟರ್ ಉದ್ದ, ನೀರಿನಿಂದ 14 ಮೀಟರ್ ಮೇಲೆ. ಮೂರು ವರ್ಷಕ್ಕೊಮ್ಮೆ ಹೊಸದಾಗಿ ಹೆಣೆಯುತ್ತಾರೆ. ಒಳಗೆ ಉಕ್ಕಿನ ಹಗ್ಗ ಇದೆ, ಹೆದರಬೇಡ. ಆದರೆ ಹಲಗೆಗಳ ನಡುವೆ ಪಾದ ತೂರುವಷ್ಟು ಸಂದಿ ಇದೆ. ಚಪ್ಪಲಿ ಹಾಕಿಕೊಂಡು ಹೋಗಬೇಡ.

ಅಲ್ಲಿ ನಾನು ಮಾಡಿದ ತಪ್ಪು ಕೇಳು. ವಾಪಸ್ ಬಸ್ಸು ಎಷ್ಟು ಗಂಟೆಗೆ ಅಂತ ನೋಡದೆ ನದಿ ಅಂಚಿನಲ್ಲಿ ಆರಾಮಾಗಿ ಕೂತಿದ್ದೆ. ಕೊನೆಯ ಬಸ್ಸು ಹೋಯಿತು. ಟ್ಯಾಕ್ಸಿಗೆ ಕೊಟ್ಟ ದುಡ್ಡಿನಲ್ಲಿ ಆ ತಿಂಗಳು ಪೂರ್ತಿ ಅಕ್ಕಿ ತರಬಹುದಿತ್ತು. ನಿಮ್ಮಮ್ಮನಿಗೆ ಇದನ್ನು ಇವತ್ತಿಗೂ ಹೇಳಿಲ್ಲ, ನೀನೂ ಹೇಳಬೇಡ. ಬಸ್ಸು ಇಳಿದ ಕೂಡಲೇ ಮೊದಲು ವಾಪಸ್ ಬಸ್ಸಿನ ಹೊತ್ತು ನೋಡು, ಆಮೇಲೆ ಸೇತುವೆ.

ಕಣಿವೆಯ ಇನ್ನೂ ಒಳಗೆ ನಾಗೊರೊ ಅನ್ನೋ ಹಳ್ಳಿ. ಮನುಷ್ಯರಿಗಿಂತ ಬಟ್ಟೆಯ ಬೊಂಬೆಗಳೇ ಜಾಸ್ತಿ. ಸತ್ತವರ, ಊರು ಬಿಟ್ಟವರ ರೂಪದಲ್ಲಿ ಮಾಡಿ, ಬಸ್‌ಸ್ಟಾಪಿನಲ್ಲಿ, ಗದ್ದೆಯಲ್ಲಿ ಕೂರಿಸಿದ್ದಾರೆ. ಶಾಲೆ 2012ರಲ್ಲಿ ಮುಚ್ಚಿತು. ಈಗ ತರಗತಿಯಲ್ಲಿ ಬೊಂಬೆ ಮಕ್ಕಳು. ದೆವ್ವದ ಊರು ಅಂತ ನಗುತ್ತಾ ರೀಲ್ಸ್ ಮಾಡುವವರಿದ್ದಾರೆ. ನೀನು ಹಾಗೆ ಮಾಡಿದೆ ಅಂತ ಗೊತ್ತಾದರೆ ನನಗೆ ಬೇಜಾರಾಗುತ್ತದೆ. ಅಲ್ಲಿ ಇನ್ನೂ ಜನ ಇದ್ದಾರೆ.

ಆಮೇಲೆ ತೊಕುಶಿಮಾಗೆ ಹೋಗಿ ಒಂದು ದಿನ ಸುಮ್ನೆ ನಡೆ. ಶಿಕೊಕುವಿನಲ್ಲಿ ಕೂಕಾಯ್ ಅನ್ನೋ ಬೌದ್ಧ ಗುರುವಿನ ಹೆಸರಿನಲ್ಲಿ 88 ದೇವಸ್ಥಾನಗಳ ಪಾದಯಾತ್ರೆ ಇದೆ, ಸುಮಾರು 1,200 ಕಿಲೋಮೀಟರ್. ಬಾಂದೋ ಸ್ಟೇಷನ್ನಿನಲ್ಲಿ ಇಳಿದರೆ ಮೊದಲನೆಯದು, ರ್ಯೋಝೆನ್‌ಜಿ, ಹತ್ತಿರವೇ. ಆ ಹೆಸರು ನಮ್ಮ ರಾಜಗೃಹದ ಗೃಧ್ರಕೂಟ ಬೆಟ್ಟದ್ದು. ಮೊದಲ ಐದು ಹತ್ತಿರ ಹತ್ತಿರ ಇವೆ, ಒಂದು ದಿನಕ್ಕೆ ಸರಿಹೋಗುತ್ತದೆ. ಕೂಕಾಯ್ ಪಂಥದವರು ಅಗ್ನಿಗೆ ಕಟ್ಟಿಗೆ ಹಾಕಿ ಮಾಡುವ ಪೂಜೆಗೆ 'ಗೋಮಾ' ಅನ್ನುತ್ತಾರೆ. ನಮ್ಮ ಹೋಮವೇ ಚೀನಾ ಸುತ್ತಿ ಅಲ್ಲಿಗೆ ಹೋಗಿದೆ. ಮೊದಲ ಸಲ ಕೇಳಿದಾಗ ನನಗೆ ಅಜ್ಜನ ಮನೆಯ ಹೊಗೆ ನೆನಪಾಯಿತು.

ಯಾತ್ರಿಕರು ಬಿಳಿ ಬಟ್ಟೆ ಹಾಕಿ ಕೋಲು ಹಿಡಿದಿರುತ್ತಾರೆ. ಆ ಕೋಲೇ ಗುರು ಅಂತ ಭಾವನೆ. ರಾತ್ರಿ ವಸತಿಗೆ ಬಂದಾಗ ತಮ್ಮ ಕಾಲಿಗಿಂತ ಮೊದಲು ಕೋಲಿನ ತುದಿ ತೊಳೆಯುತ್ತಾರೆ. ಸೇತುವೆ ಮೇಲೆ ಅದನ್ನು ನೆಲಕ್ಕೆ ಊರುವುದಿಲ್ಲ, ಕೆಳಗೆ ಗುರು ಮಲಗಿರಬಹುದು ಅಂತ. ದಾರಿಯಲ್ಲಿ ಯಾರಾದರೂ ಅಜ್ಜಿ ಕಿತ್ತಳೆಯನ್ನೋ ಚಹಾವನ್ನೋ ಕೊಡಬಹುದು. ಅದಕ್ಕೆ 'ಒಸೆತ್ತಾಯ್' ಅನ್ನುತ್ತಾರೆ. ನಮ್ಮ ಹಾಗೆ "ಬೇಡ ಬೇಡ" ಅನ್ನಬಾರದು, ದುಡ್ಡು ಕೊಡಲು ಹೋಗಬಾರದು. ಎರಡು ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸು, ಸಾಕು.

ಊಟದ ವಿಷಯ. ನೀನು ಶುದ್ಧ ಸಸ್ಯಾಹಾರಿ, ಅಲ್ಲಿ ಕಷ್ಟ. ಉಡೋನ್, ಸೋಬಾ ಎಲ್ಲವೂ ನೋಡಲು ಬರೀ ಶ್ಯಾವಿಗೆ, ಆದರೆ ಸಾರಿಗೆ 'ದಾಶಿ' ಅನ್ನೋ ಮೀನಿನ ರಸ ಬಿದ್ದಿರುತ್ತದೆ. ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ! ದಾಶಿ ಅನ್ನೋ ಪದ ಹೇಳಿಯೇ ಕೇಳು. ಯಾತ್ರಿಕರಿಗೆ ಕೋಣೆ ಕೊಡುವ ದೇವಸ್ಥಾನದಲ್ಲಿ ಒಂದು ರಾತ್ರಿ ಇರುವುದಾದರೆ ಮೊದಲೇ ತಿಳಿಸು, ಕೆಲವು ಕಡೆ ಸನ್ಯಾಸಿಗಳ ಸಸ್ಯಾಹಾರದ ಅಡುಗೆ ಸಿಗುತ್ತದೆ. ಉಳಿದ ಹೊತ್ತಿಗೆ ಅವಲಕ್ಕಿ, ಚಟ್ನಿಪುಡಿ. ಮಾಮಿ ಈಗಲೇ ಪುಡಿ ಕುಟ್ಟಿಸಿಟ್ಟಿದ್ದಾಳೆ.

ಇಡೀ ದೇಶದ ರೈಲು ಪಾಸ್ ಕೊಳ್ಳಬೇಡ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ್ದು 29,650 ಯೆನ್‌ನಿಂದ 50,000ಕ್ಕೆ ಏರಿತು. ಈ ಓಡಾಟಕ್ಕೆ ಅದು ಗಿಟ್ಟುವುದಿಲ್ಲ. ಶಿಕೊಕುವಿಗೇ ಬೇರೆ ಪಾಸ್ ಇದೆ. ನೋಟು, ಚಿಲ್ಲರೆ ಕೈಯಲ್ಲಿರಲಿ, ಹಳ್ಳಿ ಬಸ್ಸಿನಲ್ಲಿ ಕಾರ್ಡ್ ನಂಬಬೇಡ. ದೊಡ್ಡ ಸೂಟ್‌ಕೇಸನ್ನು ಕ್ಯೋಟೋದಿಂದ ನೇರ ಒಸಾಕಾ ಹೋಟೆಲಿಗೆ ಪಾರ್ಸಲ್ ಮಾಡಿಬಿಡು, ಬೆನ್ನಿಗೊಂದು ಬ್ಯಾಗ್ ಸಾಕು.

ಇಯಾದಲ್ಲಿ ಕೇಬಲ್ ಕಾರಿನಲ್ಲಿ ನದಿಯವರೆಗೆ ಇಳಿಯುವ ಬಿಸಿನೀರಿನ ಸ್ನಾನ ಇದೆ. ಸ್ನಾನದ ನಿಯಮಗಳನ್ನು ಮಾಮಿಯನ್ನೇ ಕೇಳು, ನನಗೆ ಬರೆಯಲು ಸಂಕೋಚ.

ಬಳ್ಳಿಸೇತುವೆ ಬಸ್‌ಸ್ಟಾಪಿನ ವೇಳಾಪಟ್ಟಿಯ ಫೋಟೋ ತೆಗೆದು ನನಗೂ ಕಳಿಸು. ಆವತ್ತು ನಾನು ಎಷ್ಟು ನಿಮಿಷದಲ್ಲಿ ಬಸ್ಸು ತಪ್ಪಿಸಿಕೊಂಡೆ ಅಂತ ನೋಡಬೇಕು.

ನಿನ್ನ ಪ್ರೀತಿಯ
ಮಾಮ