ಯಂತ್ರದ ದನಿಗೊಂದು ‘ಬೀಪ್’ ಇರಲಿ

ಮಾನ್ಯ ಸಂಪಾದಕರೇ,

ನಾಳೆಯ ಮೊಬೈಲು, ನಾಳೆಯ ಟಿ.ವಿ. ಹೇಗಿರುತ್ತವೆ ಎಂಬುದನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಎರಡು ಸಲ ಓದಿದೆ. ಕನ್ನಡಕದ ಗಾಜಿನ ಮೇಲೆ ಮೂಡುವ ಅಕ್ಷರ, ಕಿವಿಯೊಳಗೇ ಅನುವಾದ ಮಾಡುವ ಇಯರ್‌ಫೋನ್, ಟವರ್ ಇಲ್ಲದ ಕಡೆಗೂ ಉಪಗ್ರಹದಿಂದ ನೇರವಾಗಿ ಬರುವ ಕರೆ, ಎಲ್ಲವೂ ಅದರಲ್ಲಿತ್ತು. ದನಿಯ ವಿಚಾರ ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು. ನಾನು 31 ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ದನಿಯ ವಿಚಾರದಲ್ಲಿ ಸುಮ್ಮನಿರುವುದು ನನ್ನಿಂದ ಆಗದು.

ಸ್ವಿಚ್‌ಬೋರ್ಡಿನ ಮುಂದೆ ಕುಳಿತವರಿಗೆ ಮುಖ ಕಾಣುವುದಿಲ್ಲ, ದನಿಯೊಂದೇ ಸಿಗುತ್ತದೆ. ಕರೆ ಮಾಡಿದವರು ಮೊದಲ ಮಾತು ಆಡುವ ಮೊದಲೇ, ಅವರು ಉಸಿರು ಎಳೆದುಕೊಳ್ಳುವ ರೀತಿಯಲ್ಲೇ ಸಾವಿನ ಸುದ್ದಿಯೋ ಹೆರಿಗೆಯ ಸುದ್ದಿಯೋ ಎಂದು ನಮಗೆ ತಿಳಿಯುತ್ತಿತ್ತು. ಹಳೆಯ ಟೆಲಿಫೋನ್ ತಂತಿ ಮನುಷ್ಯನ ದನಿಯನ್ನು ಪೂರ್ತಿಯಾಗಿ ಹೊರುತ್ತಲೂ ಇರಲಿಲ್ಲ. ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಪಾಲನ್ನು ಮಾತ್ರ ದಾಟಿಸಿ ಉಳಿದದ್ದನ್ನು ಕತ್ತರಿಸುತ್ತಿತ್ತು. ‘ಸ’ಕಾರದ ಬಲವೆಲ್ಲ ಇರುವುದು ಅದಕ್ಕಿಂತ ಮೇಲೆ. ಹೀಗಾಗಿ ಆ ಕಡೆಯವರು ‘ಸ’ ಅಂದರೋ ‘ಫ’ ಅಂದರೋ ಗೊತ್ತಾಗದೆ ಹೆಸರುಗಳನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿಸಿಕೊಳ್ಳುತ್ತಿದ್ದೆವು. ಅಷ್ಟು ಕಡಿಮೆಯಲ್ಲೂ ಮಾತನಾಡುತ್ತಿರುವವರು ಯಾರೆಂದು ಗುರುತು ಸಿಗುತ್ತಿತ್ತು. ಅಕ್ಷರ ತಪ್ಪಿದರೂ ಆಳು ತಪ್ಪುತ್ತಿರಲಿಲ್ಲ. ಆ ನಂಬಿಕೆಯ ಮೇಲೆಯೇ ನನ್ನ ಉದ್ಯೋಗ ನಿಂತಿತ್ತು.

ಆ ನಂಬಿಕೆ ಕಳೆದ ವರ್ಷ ಒಂದು ಸಂಜೆ ಮುರಿಯಿತು. ಗುರುತಿಲ್ಲದ ನಂಬರಿನಿಂದ ಕರೆ ಬಂತು. “ಅಜ್ಜಿ, ನಾನು. ನನ್ನ ಫೋನ್ ಒಡೆದುಹೋಗಿದೆ, ಇದು ಗೆಳೆಯನದು. ಅಪಘಾತ ಆಗಿದೆ. ಅಪ್ಪನಿಗೆ ಹೇಳಬೇಡ.” ನನ್ನ ಮೊಮ್ಮಗನ ದನಿಯೇ. ‘ಅಜ್ಜಿ’ ಎನ್ನುವಾಗ ಕೊನೆಯ ಸ್ವರವನ್ನು ಅವನು ಸ್ವಲ್ಪ ಎಳೆಯುತ್ತಾನೆ, ಅದೂ ಹಾಗೆಯೇ ಇತ್ತು. ಅಳುವಿನಿಂದ ಗಂಟಲು ಕಟ್ಟಿತ್ತು. ಹಣ ಕಳಿಸಬೇಕಾದ ಖಾತೆಯ ಸಂಖ್ಯೆ ಹೇಳತೊಡಗಿದಾಗ ನಾನು ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದೆ. ಐದು ಅಂಕಿ ಬರೆದಿದ್ದೆ. ಆಗ ನನ್ನ ಶ್ರವಣಸಾಧನ ಬ್ಯಾಟರಿ ಮುಗಿಯಿತೆಂದು ಕಿವಿಯಲ್ಲಿ ‘ಬೀಪ್, ಬೀಪ್’ ಎಂದು ಸದ್ದು ಮಾಡಿ ನಿಂತುಹೋಯಿತು. “ತಡಿ ಕಂದ” ಎಂದು ಫೋನ್ ಕೆಳಗಿಟ್ಟೆ. ಹೊಸ ಬ್ಯಾಟರಿ ಹಾಕಿಕೊಂಡ ಮೇಲೆ ಏಕೋ ಏನೋ, ಮನೆಯ ಇನ್ನೊಂದು ಫೋನಿನಿಂದ ಅವನ ಮಾಮೂಲಿ ನಂಬರಿಗೆ ಕರೆ ಮಾಡಿದೆ. ಗ್ರಂಥಾಲಯದಲ್ಲಿದ್ದ ಹುಡುಗ ಪಿಸುಮಾತಿನಲ್ಲಿ “ಏನಜ್ಜಿ?” ಎಂದ.

ನನ್ನನ್ನು ಉಳಿಸಿದ್ದು ನನ್ನ ಅನುಭವವಲ್ಲ, ನನ್ನ ಕಿವಿಯಲ್ಲ ಎಂಬುದನ್ನು ಒತ್ತಿ ಹೇಳಬೇಕು. “ಸ್ವಲ್ಪ ಗಮನವಿಟ್ಟು ಕೇಳಿದರೆ ನಕಲಿ ದನಿ ಗೊತ್ತಾಗುತ್ತದೆ” ಎಂದು ಉಪದೇಶ ಮಾಡುವವರು ಬಹಳ ಮಂದಿ ಇದ್ದಾರೆ. ಗೊತ್ತಾಗುವುದಿಲ್ಲ. ಇವತ್ತು ಗೊತ್ತಾದರೂ ನಾಳೆ ಗೊತ್ತಾಗುವುದಿಲ್ಲ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು ಒಬ್ಬರ ದನಿಯ ಮೂರು ಸೆಕೆಂಡಿನ ಮಾದರಿ ಇದ್ದರೆ ಅದೇ ದನಿಯಲ್ಲಿ ಹೊಸ ಮಾತು ಹುಟ್ಟಿಸಬಲ್ಲ ವ್ಯವಸ್ಥೆಯೊಂದನ್ನು ವಿವರಿಸಿದ್ದರು. ಮೂರು ಸೆಕೆಂಡು ಎಂದರೆ “ಹಲೋ, ಯಾರು ಮಾತಾಡ್ತಿರೋದು?” ಎಂದು ಕೇಳಿ ಮುಗಿಸುವಷ್ಟು ಹೊತ್ತು. ಮೊಮ್ಮಕ್ಕಳು ದಿನಕ್ಕೆ ಹತ್ತು ವಿಡಿಯೊ ಹಾಕುವ ಕಾಲದಲ್ಲಿ ಯಾರ ದನಿಯೂ ಗುಟ್ಟಾಗಿ ಉಳಿದಿಲ್ಲ.

ಯಂತ್ರ ಮಾತನಾಡುವುದು ಹೊಸದೇನಲ್ಲ. 1939ರಲ್ಲಿ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಬೆಲ್ ಪ್ರಯೋಗಾಲಯದವರು ‘ವೋಡರ್’ ಎಂಬ ಯಂತ್ರವನ್ನು ಮಾತನಾಡಿಸಿ ತೋರಿಸಿದ್ದರು. ಅದನ್ನು ನುಡಿಸುತ್ತಿದ್ದವರು ತಿಂಗಳುಗಟ್ಟಲೆ ತರಬೇತಿ ಪಡೆದ ಹೆಣ್ಣುಮಕ್ಕಳು. ಬೆರಳುಗಳಿಂದ ಕೀಲಿಗಳನ್ನು ಒತ್ತಿ, ಮಣಿಕಟ್ಟಿನಿಂದ ಒಂದು ಪಟ್ಟಿಯನ್ನು ಅದುಮಿ, ಕಾಲಿನ ಪೆಡಲಿನಿಂದ ಸ್ವರವನ್ನು ಏರಿಸಿ ಇಳಿಸಿ ಒಂದೊಂದು ಪದವನ್ನೂ ಕಟ್ಟುತ್ತಿದ್ದರು. ಹಾರ್ಮೋನಿಯಂ ನುಡಿಸಿದ ಹಾಗೆ ಎಂದುಕೊಳ್ಳಿ. ಅವರ ಬಗ್ಗೆ ಓದಿದಾಗ ನನಗೆ ನಮ್ಮ ಪಾಳಿಯ ಗೆಳತಿಯರ ಕೈಗಳು ನೆನಪಾದವು. ಎದುರಿಗೆ ಕುಳಿತವರಿಗೆ ಯಂತ್ರವೂ ಕಾಣುತ್ತಿತ್ತು, ಅದನ್ನು ನುಡಿಸುವವಳೂ ಕಾಣುತ್ತಿದ್ದಳು. ಈಗ ಆ ಎರಡೂ ಕಣ್ಣಿಂದ ಮರೆಯಾಗಿವೆ.

ಮನರಂಜನೆಯ ಮಾತಿಗೆ ಬರುತ್ತೇನೆ. ಒಬ್ಬ ನಟನ ದನಿಯಲ್ಲೇ ಒಂದು ಸಿನಿಮಾ ಹತ್ತು ಭಾಷೆಗಳಲ್ಲಿ ಮಾತನಾಡುವ ದಿನ ದೂರವಿಲ್ಲ. ತುಟಿಯ ಚಲನೆಯನ್ನೂ ಹೊಂದಿಸುತ್ತಾರೆ. ನೋಡುವವರಿಗೆ ಅದು ಲಾಭವೇ. ಆದರೆ ತೆರೆಯ ಹಿಂದೆ ನಿಂತು ಬೇರೊಬ್ಬರ ತುಟಿಗೆ ತಮ್ಮ ಉಸಿರು ಕೊಟ್ಟ ಕಂಠದಾನ ಕಲಾವಿದರ ಗತಿಯೇನು? ಅವರ ಹಳೆಯ ರೆಕಾರ್ಡಿಂಗುಗಳನ್ನು ಅವರನ್ನು ಕೇಳದೆ ಯಂತ್ರಕ್ಕೆ ಉಣಿಸಬಾರದು. ಕೇಳಿ ಉಣಿಸಿದರೆ ಪ್ರತಿ ಬಳಕೆಗೂ ಸಂಭಾವನೆ ಕೊಡಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನೊಂದು ವಿಷಯ ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳುತ್ತೇನೆ. ನನ್ನ ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ದನಿ ಇರುವ ಒಂದೇ ಒಂದು ಕ್ಯಾಸೆಟ್ ನನ್ನ ಹತ್ತಿರ ಇದೆ. ಹೊಸ ಟೇಪ್‌ ರೆಕಾರ್ಡರ್ ತಂದ ದಿನ ಮೈಕನ್ನು ಪರೀಕ್ಷಿಸುತ್ತಾ ಅವರು, “ಒಂದು, ಎರಡು, ಮೂರು... ಕೇಳಿಸುತ್ತಿದೆಯಾ? ಏಯ್, ಒಳಗೆ ಕೇಳಿಸುತ್ತಿದೆಯಾ?” ಎನ್ನುತ್ತಾರೆ. ದೂರದಿಂದ ನಾನು “ಹೂಂ” ಎನ್ನುತ್ತೇನೆ. ಆಮೇಲೆ ಒಂದು ಕೆಮ್ಮು, ಬಟನ್ ಒತ್ತಿದ ಸದ್ದು. ಎಲ್ಲ ಸೇರಿ ಇಪ್ಪತ್ತು ಸೆಕೆಂಡು ಇರಬಹುದು. ಮೊಮ್ಮಗಳು ತುಂಬ ಪ್ರೀತಿಯಿಂದ, “ಅಜ್ಜಿ, ಇಷ್ಟಿದ್ದರೆ ಸಾಕು, ತಾತನ ಹತ್ತಿರ ನೀನು ಏನು ಬೇಕಾದರೂ ಮಾತನಾಡಬಹುದು” ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಬೇಡ ಎಂದೆ. ನನ್ನ ಪ್ರಶ್ನೆಗೆ ಯಂತ್ರ ಅವರ ದನಿಯಲ್ಲಿ ಉತ್ತರ ಕೊಟ್ಟುಬಿಟ್ಟರೆ, ಅವರು ನಿಜವಾಗಿ ಆಡಿದ ಮಾತು ಯಾವುದು, ಆಡದ ಮಾತು ಯಾವುದು ಎಂಬುದು ಕ್ರಮೇಣ ನನ್ನ ತಲೆಯಲ್ಲೇ ಕಲಸಿಹೋಗುತ್ತದೆ ಎಂಬ ಭಯ. ಬೇರೆಯವರು ಹೂಂ ಎನ್ನಬಹುದು, ಅದು ಅವರವರ ದುಃಖಕ್ಕೆ ಬಿಟ್ಟದ್ದು. ಆದರೆ ತೀರಿಕೊಂಡವರ ದನಿಯನ್ನು ಬಳಸುವ ಮುನ್ನ ಮನೆಯವರ ಒಪ್ಪಿಗೆ ಪಡೆಯಲೇಬೇಕೆಂಬ ಕಟ್ಟುಪಾಡು ಬೇಡವೇ?

ಯಂತ್ರದ ದನಿಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮಾತು ಕಸಿದುಕೊಳ್ಳುವ ನರರೋಗಕ್ಕೆ ತುತ್ತಾದವರು, ಇನ್ನೂ ಮಾತನಾಡಲು ಬರುತ್ತಿರುವಾಗಲೇ ತಮ್ಮ ದನಿಯನ್ನು ರೆಕಾರ್ಡ್ ಮಾಡಿಟ್ಟು, ಮುಂದೆ ಅದೇ ದನಿಯಲ್ಲಿ ಮನೆಯವರೊಂದಿಗೆ ಮಾತನಾಡುತ್ತಾರೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ದನಿ ಕಳೆದುಕೊಂಡ ಮೇಲೆ ಯಂತ್ರದ ದನಿಯಲ್ಲೇ ಜಗತ್ತಿನೊಂದಿಗೆ ಮಾತನಾಡಿದರು. ಅದಕ್ಕಿಂತ ಸೊಗಸಾದ ದನಿಗಳು ಬಂದ ಮೇಲೂ ಅವರು ಹಳೆಯದನ್ನೇ ಉಳಿಸಿಕೊಂಡರು, ಏಕೆಂದರೆ ಅದು ಅವರ ಗುರುತಾಗಿತ್ತು. ನನ್ನ ಫೋನಿನ ಪರದೆಯ ಮೇಲೆ ಆ ಕಡೆಯವರ ಮಾತು ಅಕ್ಷರವಾಗಿ ಮೂಡುವುದರಿಂದಲೇ ನಾನು ಇವತ್ತಿಗೂ ಗೆಳತಿಯರೊಂದಿಗೆ ಹರಟಬಲ್ಲೆ. ನನಗೆ ಬೇಕಿರುವುದು ಒಂದೇ: ಮಾತನಾಡುತ್ತಿರುವುದು ಯಂತ್ರವಾದರೆ ಅದು ನನ್ನ ಕಿವಿಗೆ ಗೊತ್ತಾಗಬೇಕು.

ಇದಕ್ಕೆ ಹಳೆಯ ದಾರಿಯೊಂದಿದೆ. 1940ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಫೋನ್ ಮಾತುಕತೆಯನ್ನು ರೆಕಾರ್ಡ್ ಮಾಡುವ ಯಂತ್ರಗಳು ಹರಡತೊಡಗಿದಾಗ, ರೆಕಾರ್ಡ್ ಮಾಡುವಾಗ ಸುಮಾರು 15 ಸೆಕೆಂಡಿಗೊಮ್ಮೆ ಎರಡೂ ಕಡೆಯವರಿಗೆ ಕೇಳುವಂತೆ ‘ಬೀಪ್’ ಎಂಬ ಸದ್ದು ಬರಲೇಬೇಕು ಎಂದು ಅಲ್ಲಿನ ಸಂವಹನ ಆಯೋಗ ನಿಯಮ ಮಾಡಿತು. ಸಣ್ಣ ಸದ್ದು, ಮಾತಿಗೆ ಅಡ್ಡಿ ಮಾಡುವುದಿಲ್ಲ, ಆದರೆ ಕೇಳಿದವರು ಎಚ್ಚರವಾಗುತ್ತಾರೆ. ಯಂತ್ರ ಹುಟ್ಟಿಸಿದ ದನಿಗೂ ಅಂಥದೇ ಒಂದು ಬೀಪ್ ಕಡ್ಡಾಯವಾಗಲಿ. 2024ರ ಫೆಬ್ರುವರಿಯಲ್ಲಿ ಅದೇ ಆಯೋಗ, ಒಪ್ಪಿಗೆಯಿಲ್ಲದೆ ಬರುವ ಸ್ವಯಂಚಾಲಿತ ಕರೆಗಳಲ್ಲಿ ಕೃತಕ ಬುದ್ಧಿಮತ್ತೆಯ ದನಿ ಬಳಸುವುದು ಕಾನೂನುಬಾಹಿರ ಎಂದು ಸಾರಿತು. ಐರೋಪ್ಯ ಒಕ್ಕೂಟವೂ ಅದೇ ವರ್ಷ ಒಪ್ಪಿದ ಕಾನೂನಿನಲ್ಲಿ, ತಾವು ಮಾತನಾಡುತ್ತಿರುವುದು ಯಂತ್ರದೊಂದಿಗೆ ಎಂಬುದನ್ನು ಜನರಿಗೆ ತಿಳಿಸಬೇಕು ಎಂದಿದೆ.

ದನಿಯೊಳಗೆ ಕಿವಿಗೆ ಕೇಳದ ಗುಪ್ತ ಗುರುತು ಅಡಗಿಸಿಡುವ ಕೆಲಸ ನಡೆದಿದೆ, ಅದು ಸಾಕಲ್ಲವೇ ಎಂದು ತಿಳಿದವರೊಬ್ಬರು ಕೇಳಿದರು. ಸಾಲದು. ದನಿಯನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುವುದು ಮೊಬೈಲ್ ಜಾಲದ ಕೆಲಸ. ಕಿವಿಗೆ ಮುಖ್ಯವಲ್ಲದ್ದನ್ನು ಬಿಸಾಡಿಯೇ ಅದು ದನಿಯನ್ನು ಚಿಕ್ಕದು ಮಾಡುವುದು. ಕೇಳದ ಗುರುತು ಆ ಜರಡಿಯಲ್ಲಿ ಉಳಿಯುವುದು ಕಷ್ಟ. ಉಳಿದರೂ ಅದನ್ನು ಓದಲು ಇನ್ನೊಂದು ಯಂತ್ರ ಬೇಕು. ಪೆನ್ನು ಹಿಡಿದು ಅಂಕಿ ಬರೆದುಕೊಳ್ಳುತ್ತಿರುವ ಮುದುಕಿಯ ಕೈಯಲ್ಲಿ ಆ ಯಂತ್ರ ಇರುವುದಿಲ್ಲ. ಮೋಸಗಾರ ಬೀಪ್ ಹಾಕುತ್ತಾನೆಯೇ ಎಂದೂ ಕೇಳುತ್ತಾರೆ. ತಾನಾಗಿ ಹಾಕುವುದಿಲ್ಲ. ಅದಕ್ಕೇ ಅದನ್ನು ದನಿ ತಯಾರಿಸುವ ಸಾಧನದಲ್ಲೇ ಕೂರಿಸಬೇಕು, ಕಿತ್ತುಹಾಕಿದವರನ್ನು ಶಿಕ್ಷಿಸಬೇಕು.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಒಂದು ಗುಟ್ಟಿನ ಪದ ಇಟ್ಟುಕೊಂಡಿದ್ದೇವೆ. ತುರ್ತಿನ ಕರೆ ಯಾರಿಂದ ಬಂದರೂ ಮೊದಲು ಆ ಪದ ಹೇಳಬೇಕು. ಮೊಮ್ಮಗ ಕಳೆದ ವಾರ ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಹೇಳುವಾಗಲೂ ಅದನ್ನೇ ಮೊದಲು ಹೇಳಿದ. ನನಗೆ ಸಂಕಟವಾಯಿತು. ಮಗು ಅಜ್ಜಿಗೆ ಕರೆ ಮಾಡಿ, ಮೊದಲು ತಾನು ತಾನೇ ಎಂದು ರುಜುವಾತು ಮಾಡಬೇಕಾದ ಸ್ಥಿತಿ ಬರಬಾರದಿತ್ತು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೆಯ ಆ್ಯಪ್‌ನಲ್ಲಿ ಬೆಳಿಗ್ಗೆ ಸುದ್ದಿಯನ್ನು ಓದಿ ಹೇಳುವ ದನಿಯೊಂದಿದೆ. ಕಣ್ಣು ಮಂಜಾದ ನನ್ನ ಗೆಳತಿಯರು ದಿನವೂ ಅದನ್ನು ಕೇಳುತ್ತಾರೆ. ಅದು ಯಂತ್ರವೋ ಮನುಷ್ಯರೋ ಎಂದು ಎಲ್ಲಿಯೂ ಹೇಳಿಲ್ಲ. ಯಂತ್ರವಾದರೆ ಮೊದಲ ಸುದ್ದಿಗಿಂತ ಮುಂಚೆ ಒಂದು ಬೀಪ್ ಹಾಕಿ. ಮನುಷ್ಯರಾದರೆ ಅವರ ಹೆಸರು ಹೇಳಿ, ಸುದ್ದಿಯ ನಡುವೆ ಅವರು ಉಸಿರು ಎಳೆದುಕೊಳ್ಳುವ ಸದ್ದನ್ನು ಅಳಿಸಬೇಡಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಟೆಲಿಫೋನ್ ಆಪರೇಟರ್